ಆರೇಳು ಕಿಲೋಮೀಟರ್, ಇನ್ನೂರು ವರ್ಷ: ರಾಮಕೃಷ್ಣನಗರದಿಂದ ಮಂಡಿ ಮೊಹಲ್ಲಾಕ್ಕೆ ಒಂದು ರಂಜಾನ್ ಡ್ರೈವ್

(ಆಡಿಯೊ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಊಟದ ಬಗ್ಗೆ ಅಂದ್ರೆ ಊಟದ ಬಗ್ಗೆ, ರಸ್ತೆ ಬಗ್ಗೆ ಅಂದ್ರೆ ರಸ್ತೆ ಬಗ್ಗೆ.

ಪ್ರಶ್ನೆ ಬಹಳ ಸಿಂಪಲ್. ಮೈಸೂರಿನ ರಾಮಕೃಷ್ಣನಗರದಲ್ಲಿ ಇರೋ ನನ್ನಂಥವರಿಗೆ ರಂಜಾನ್ ತಿಂಗಳಲ್ಲಿ ಬಿಸಿ ಖೀಮಾ ಸಮೋಸ ತಿನ್ನಬೇಕು ಅನ್ನಿಸಿದ್ರೆ ಗಾಡಿ ತೆಗೀಲೇಬೇಕು. ಆಂದೋಲನ ಸರ್ಕಲ್ ದಾಟಿ, ಕುವೆಂಪುನಗರ ದಾಟಿ, ಬಲ್ಲಾಳ್ ಸರ್ಕಲ್ ಕಡೆಯಿಂದ ಜೆಎಲ್‌ಬಿ ರಸ್ತೆಗೆ ಬಂದು, ಪೇಟೆ ಹೊಕ್ಕು, ಇರ್ವಿನ್ ರಸ್ತೆ ಹಿಡಿದು ಅಶೋಕ ರಸ್ತೆ ಸೇರಬೇಕು. ಆರೇಳು ಕಿಲೋಮೀಟರ್. ಆತುರ ಇಲ್ಲದೆ ಹೋದ್ರೆ ಅರ್ಧ ಗಂಟೆ. ನನಗಂತೂ ಆ ಅರ್ಧ ಗಂಟೆ ಸಮೋಸದಷ್ಟೇ ಇಷ್ಟ. ಆದ್ರೆ ಇದು ಡ್ರೈವ್ ಯಾಕಾಗಬೇಕು? ನಡ್ಕೊಂಡು ಹೋಗಿ ತರೋ ಹಾಗೆ ಪಕ್ಕದ ಬೀದಿಯಲ್ಲೇ ಯಾಕಿಲ್ಲ? ಒಂದೇ ಊರು, ಒಂದೇ ನಲ್ಲಿ ನೀರು. ಮಧ್ಯದ ಈ ಆರೇಳು ಕಿಲೋಮೀಟರ್ ಯಾರು ಮಾಡಿದ್ದು?

ಮೊಹಲ್ಲಾ, ಪುರಂ, ನಗರ

ಮೈಸೂರಿನ ಹಳೇ ಆಸ್ತಿ ಪತ್ರ ಯಾವುದಾದ್ರೂ ಸಿಕ್ಕಿದ್ರೆ ವಿಳಾಸ ನೋಡಿ. ದೇವರಾಜ ಮೊಹಲ್ಲಾ, ಕೃಷ್ಣರಾಜ ಮೊಹಲ್ಲಾ, ಚಾಮರಾಜ ಮೊಹಲ್ಲಾ, ಫೋರ್ಟ್ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ನಜರ್‌ಬಾದ್ ಮೊಹಲ್ಲಾ, ಮಂಡಿ ಮೊಹಲ್ಲಾ. ಹಳೇ ಮೈಸೂರು ಅಂದ್ರೆ ಈ ಏಳು ಮೊಹಲ್ಲಾ. ಪದ ಅರಬಿ ಮೂಲದ್ದು, ಹೆಸರು ಒಡೆಯರದ್ದು. ಯಾರಿಗೂ ಅದರಲ್ಲಿ ವಿಚಿತ್ರ ಕಾಣಿಸಿರಲಿಲ್ಲ. ತಾಲ್ಲೂಕು, ತಹಶೀಲ್ದಾರ್, ಅರ್ಜಿ, ರಸೀದಿ ಇವೆಲ್ಲ ಅದೇ ದಾರೀಲಿ ಕನ್ನಡಕ್ಕೆ ಬಂದವು. ನಾನು ಬಿಕಾಂ ಓದಿದವನು. ಮೂರು ವರ್ಷ ಬರೆದ ಜಮಾ-ಖರ್ಚಿನಲ್ಲಿ ಜಮಾ ಅರಬಿ, ಖರ್ಚು ಪರ್ಷಿಯನ್. ಲೆಕ್ಕ ಮಾತ್ರ ನಮ್ಮದು.

ಮೈಸೂರು ನಾವು ಅಂದ್ಕೊಂಡಷ್ಟು ಹಳೇ ನಗರ ಅಲ್ಲ. ರಾಜಧಾನಿ 1610ರಿಂದ ಶ್ರೀರಂಗಪಟ್ಟಣದಲ್ಲಿತ್ತು. ಟಿಪ್ಪು ಸುಲ್ತಾನ್ ಕಾಲದಲ್ಲಿ ಮೈಸೂರಿನ ಹಳೇ ಕೋಟೆಯನ್ನೇ ಕೆಡವಿ, ಅದರ ಕಲ್ಲನ್ನು ಸ್ವಲ್ಪ ದೂರದಲ್ಲಿ ಹೊಸ ಕೋಟೆ ಕಟ್ಟೋದಕ್ಕೆ ಸಾಗಿಸಿದರು. ಅದೇ ನಜರ್‌ಬಾದ್. 1799ರ ಮೇ 4ಕ್ಕೆ ಟಿಪ್ಪು ಸತ್ತ ಮೇಲೆ ಮತ್ತೆ ಉಲ್ಟಾ. ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದರು, ನಜರ್‌ಬಾದಿನ ಕಲ್ಲು ವಾಪಸ್ ಮೈಸೂರು ಕೋಟೆಗೆ ಬಂತು. ಅಂದ್ರೆ ಹೋಗಿ ಬಂದಿದ್ದು ಅದೇ ಕಲ್ಲು.

ಕಲ್ಲಿನ ಜೊತೆ ಜನರೂ ಬಂದರು. ರಾಜಧಾನಿ ಹೋದ ಮೇಲೆ ಶ್ರೀರಂಗಪಟ್ಟಣದಲ್ಲಿ ಏನಿದೆ? ಸೈನ್ಯ ಇಲ್ಲ, ಅರಮನೆ ಸಂಬಳ ಇಲ್ಲ, ಮೇಲೆ ಮಲೇರಿಯಾ. 1800ರಲ್ಲಿ ಅಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪು ಕಾಲದಲ್ಲಿ ಒಂದೂವರೆ ಲಕ್ಷ ಜನ ಇದ್ದರು ಅಂತ ಅಂದಾಜು ಮಾಡಿದ ಊರಲ್ಲಿ ಉಳಿದವರು ಸುಮಾರು 32 ಸಾವಿರ ಅಂತ ಬರೆದಿದ್ದಾನೆ. ಕುದುರೆ ನೋಡೋರು, ಬಟ್ಟೆ ಹೊಲಿಯೋರು, ಅಡುಗೆಯವರು, ಕಸಾಯಿಗಳು, ವ್ಯಾಪಾರಿಗಳು. ಸಂಬಳ ಎಲ್ಲಿ ಹುಟ್ಟುತ್ತೋ ಅಲ್ಲಿಗೆ ಜನ ಹೋಗ್ತಾರೆ. ಹತ್ತಿರದ ಹೊಸ ರಾಜಧಾನಿಯಲ್ಲಿ ಲಷ್ಕರ್, ಅಂದ್ರೆ ಸೈನ್ಯದ ಹೆಸರಿನ ಒಂದು ಮೊಹಲ್ಲಾ; ಪಕ್ಕದಲ್ಲಿ ಮಂಡಿ, ಅಂದ್ರೆ ಸಗಟು ಪೇಟೆಯ ಹೆಸರಿನ ಇನ್ನೊಂದು. ಪೇಟೆ ಇದ್ದಲ್ಲಿ ಮಸೀದಿ, ಮಸೀದಿ ಇದ್ದಲ್ಲಿ ರಂಜಾನಿನ ಸಂಜೆ ಅಂಗಡಿ.

ಹಾಗಂತ ಅದು ಬರೀ ಮುಸ್ಲಿಮರ ಬಡಾವಣೆ ಅಂದ್ಕೋಬೇಡಿ. ಅದೇ ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ಚರ್ಚ್ ಇದೆ. 1933ರ ಅಕ್ಟೋಬರ್ 28ಕ್ಕೆ ಅದಕ್ಕೆ ಅಡಿಗಲ್ಲು ಇಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅಶೋಕ ರಸ್ತೆ ಒಂದು ಕಡೆ, ಅಕ್ಬರ್ ರಸ್ತೆ ಇನ್ನೊಂದು ಕಡೆ. ಹೆಸರಿಟ್ಟವರಿಗೆ ಶಾಲೆಯ ಇತಿಹಾಸ ಪುಸ್ತಕ ನೆನಪಿತ್ತು ಅನ್ಸತ್ತೆ.

ಹಾಗಾದ್ರೆ ದೂರ ಎಲ್ಲಿ ಶುರುವಾಯ್ತು? ಪ್ಲೇಗಿನಲ್ಲಿ. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ 1898ಕ್ಕೆ ಮೈಸೂರು ಸಂಸ್ಥಾನಕ್ಕೆ ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟು ಕೇರಿಗಳೇ ರೋಗಕ್ಕೆ ಕಾರಣ ಅನ್ನೋ ತೀರ್ಮಾನಕ್ಕೆ ಆಡಳಿತ ಬಂತು. ಮುಂಬೈಯಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯ್ತು. ಕೆಲವೇ ವರ್ಷಗಳಲ್ಲಿ, 1903ರ ಸುಮಾರಿಗೆ, ಮೈಸೂರಿನಲ್ಲೂ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅಗಲ ರಸ್ತೆ, ಅಳತೆ ಮಾಡಿದ ಸೈಟು, ಹಿಂದೆ ಕನ್ಸರ್ವೆನ್ಸಿ ಓಣಿ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಆಮೇಲೆ ಸರಸ್ವತೀಪುರಂ. ಊರು ಪಶ್ಚಿಮಕ್ಕೆ, ದಕ್ಷಿಣಕ್ಕೆ ಸರೀತಾ ಹೋಯ್ತು. ಆ ಸಾಲಿನ ಇನ್ನೂ ಮುಂದಿನ ಮನೆಗಳೇ ಕುವೆಂಪುನಗರ, ರಾಮಕೃಷ್ಣನಗರ. ಟ್ರಸ್ಟ್ ಬೋರ್ಡಿನ ಕೆಲಸ 1988ರಲ್ಲಿ ಮುಡಾಗೆ ಬಂತು.

ಪದ ಗಮನಿಸಿ. ಮೊದಲು ಮೊಹಲ್ಲಾ, ಆಮೇಲೆ ಪುರಂ, ಆಮೇಲೆ ನಗರ. ಯಾರೂ ಕೂತು ಪ್ಲಾನ್ ಮಾಡಿದ ಗೋಡೆ ಅಲ್ಲ ಇದು. ಆದ್ರೆ ಸೈಟ್ ಕೊಳ್ಳೋದಕ್ಕೆ ಸಂಬಳದ ಕೆಲಸ ಬೇಕು, ಬ್ಯಾಂಕ್ ಸಾಲ ಬೇಕು. ಗುಮಾಸ್ತರು, ಮೇಷ್ಟ್ರುಗಳು, ಇಂಜಿನಿಯರುಗಳು ಈ ಕಡೆ ಬಂದ್ರು. ಅಂಗಡಿ ಮೇಲೆ ಮನೆ, ಮನೆ ಕೆಳಗೆ ಕಸುಬು ಇದ್ದವರು ಆ ಕಡೆ ಉಳಿದ್ರು, ಅಥವಾ ಪೂರ್ವದ ಉದಯಗಿರಿ, ರಾಜೀವ್‌ನಗರದ ಕಡೆ ಹೋದ್ರು. ಎರಡು ಮೂರು ತಲೆಮಾರಿನಲ್ಲಿ ಅದು ಗೂಗಲ್ ಮ್ಯಾಪಿನಲ್ಲಿ ಆರೇಳು ಕಿಲೋಮೀಟರ್ ಆಯ್ತು. ತಲೆಯಲ್ಲಿ ಇನ್ನೂ ಜಾಸ್ತಿ.

ತಟ್ಟೆಯಲ್ಲಿರೋದು ಯಾರದು?

ಈಗ ಊಟಕ್ಕೆ ಬರೋಣ. ಅಶೋಕ ರಸ್ತೆ, ಅಕ್ಬರ್ ರಸ್ತೆ, ಮೀನಾ ಬಜಾರ್ ಸುತ್ತಮುತ್ತ ರಂಜಾನ್ ಸಂಜೆ ನಾಲ್ಕೂವರೆ ಐದಕ್ಕೆಲ್ಲ ಬಾಣಲೆ ಇಳಿಯತ್ತೆ. ಆದ್ರೆ ಮಾರೋರಲ್ಲಿ ಬಹಳ ಜನ ಬೆಳಗ್ಗಿಂದ ಒಂದು ಹನಿ ನೀರು ಕುಡಿದಿರಲ್ಲ. ಎಣ್ಣೆ ಮುಂದೆ ನಿಂತು, ರುಚಿ ನೋಡದೆ, ಕೈ ಅಂದಾಜಿನಲ್ಲೇ ಉಪ್ಪು ಖಾರ. ಇದು ನಾನು ಕಂಡ ಅತಿ ದೊಡ್ಡ ಅಡುಗೆ ಕೌಶಲ.

ಮೊದಲು ಸಮೋಸ. ನಮಗೆ ಸಮೋಸ ಅಂದ್ರೆ ಆಲೂಗಡ್ಡೆ. ಖೀಮಾ ಹಾಕಿದ್ದು ಏನೋ ಸ್ಪೆಷಲ್ ವೆರೈಟಿ ಅಂದ್ಕೊಂಡಿರ್ತೀವಿ. ಇತಿಹಾಸದಲ್ಲಿ ಕಥೆ ತಿರುವು ಮುರುವು. ಹೆಸರು ಪರ್ಷಿಯನ್ನಿನ ಸಂಬೋಸಗ್‌ನಿಂದ ಬಂದಿದ್ದು. 14ನೇ ಶತಮಾನದಲ್ಲಿ ದೆಹಲಿಯ ತುಘಲಕ್ ದರ್ಬಾರಿನಲ್ಲಿ ಊಟ ಮಾಡಿದ ಇಬ್ನ್ ಬತೂತ, ಕೊಚ್ಚಿದ ಮಾಂಸಕ್ಕೆ ಬಾದಾಮಿ, ಪಿಸ್ತಾ, ಈರುಳ್ಳಿ ಸೇರಿಸಿ ತೆಳು ಹಿಟ್ಟಿನಲ್ಲಿ ಮಡಚಿ ಕರಿದ ತಿಂಡಿಯನ್ನು ವರ್ಣಿಸಿದ್ದಾನೆ. ಆಲೂಗಡ್ಡೆ ಆಗ ಭಾರತಕ್ಕೆ ಬಂದೇ ಇರಲಿಲ್ಲ. ಅದು ದಕ್ಷಿಣ ಅಮೆರಿಕದ ಬೆಳೆ, ಯುರೋಪಿನ ಹಡಗಿನಲ್ಲಿ ಆಮೇಲೆ ಬಂದಿದ್ದು. ಅಂದ್ರೆ ನಮ್ಮ ಕಾಲೇಜ್ ಕ್ಯಾಂಟೀನಿನ ಸಮೋಸವೇ ಹೊಸ ವೆರೈಟಿ. ಮಂಡಿ ಮೊಹಲ್ಲಾದ್ದು ಹಳೇದು.

ಕಬಾಬ್? "ಅದು ಹೊರಗಿನದು" ಅಂತ ಯಾರಾದ್ರೂ ಅಂದ್ರೆ ಒಂದು ಪುಸ್ತಕದ ಹೆಸರು ಹೇಳಿ: ಮಾನಸೋಲ್ಲಾಸ. 12ನೇ ಶತಮಾನ, ಬರೆದವರು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಕಲ್ಯಾಣ ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅದರ ಅಡುಗೆ ಭಾಗದಲ್ಲಿ ಮಾಂಸದ ತುಂಡಿಗೆ ಮಸಾಲೆ ಹಚ್ಚಿ, ಸರಳಿಗೆ ಚುಚ್ಚಿ, ಕೆಂಡದ ಮೇಲೆ ಸುಡೋ ವಿಧಾನ ಇದೆ. ಹೆಸರು ಭಡಿತ್ರಕ. ಕಬಾಬ್ ಅನ್ನೋ ಹೆಸರು ಹೊರಗಿಂದ ಬಂತು, ಸರಿ. ಕೆಂಡ, ಸರಳು, ಹಸಿವು ಇಲ್ಲೇ ಇತ್ತು. ಹಾಗೇ, 1500ರ ಆಸುಪಾಸಿನಲ್ಲಿ ಮಾಳವದ ಸುಲ್ತಾನ ಘಿಯಾಸ್ ಶಾಹನಿಗಾಗಿ ಸಮೋಸಗಳ ವಿಧಾನ ಇರೋ ನಿಮತ್‌ನಾಮಾ ತಯಾರಾದ್ರೆ, ಹೆಚ್ಚುಕಡಿಮೆ ಅದೇ ಕಾಲಕ್ಕೆ ಕನ್ನಡದಲ್ಲಿ ಮಂಗರಸ ಸಸ್ಯಾಹಾರಿ ಅಡುಗೆಯ ಸೂಪಶಾಸ್ತ್ರ ಬರೀತಿದ್ದ. ಎರಡೂ ನಮ್ಮ ಚರಿತ್ರೆಯೇ. ಒಂದು ಇಟ್ಕೊಂಡು ಇನ್ನೊಂದು ಬಿಸಾಕೋ ಹಾಗಿಲ್ಲ.

ಹಲೀಮ್ ಕಥೆ ಇನ್ನೂ ಉದ್ದ. ಗೋಧಿ ಮತ್ತು ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ಮರದ ಕೋಲಿನಿಂದ ಕುಟ್ಟಿ ಕುಟ್ಟಿ ಒಂದು ಮಾಡೋದು. ಮುದ್ದೆ ತಿರುವೋರಿಗೆ ಆ ಭುಜದ ನೋವು ಅರ್ಥ ಆಗತ್ತೆ. ಇದರ ಪೂರ್ವಜ ಹರೀಸಾ, 10ನೇ ಶತಮಾನದ ಬಾಗ್ದಾದಿನ ಅಡುಗೆ ಪುಸ್ತಕದಲ್ಲೇ ಇದೆ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಹರೀಸಾ, ಹಲೀಮ್ ಎರಡರ ಹೆಸರೂ ಬರತ್ತೆ. ಹೈದರಾಬಾದಿನ ನಿಜಾಮರ ಸೈನ್ಯದಲ್ಲಿದ್ದ ಯೆಮನ್ ಕಡೆಯ ಅರಬರು ಅದನ್ನು ದಖ್ಖನ್ನಿನಲ್ಲಿ ಬೇರೂರಿಸಿದರು. 2010ರಲ್ಲಿ ಹೈದರಾಬಾದಿ ಹಲೀಮ್‌ಗೆ ಜಿಐ ಟ್ಯಾಗ್ ಸಿಕ್ತು. ಭಾರತದಲ್ಲಿ ಮಾಂಸದ ಖಾದ್ಯವೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೆ ಇರೋದೂ ಅದೇ ಟ್ಯಾಗ್.

ಕೆಂಪು ಶರಬತ್ತು ರೂಹ್ ಅಫ್ಜಾಗೆ ದೇಶದ ವಯಸ್ಸಿಗಿಂತ ಹೆಚ್ಚು ವಯಸ್ಸು. ಹಳೇ ದೆಹಲಿಯಲ್ಲಿ 1906ರಲ್ಲಿ ಹಕೀಮ್ ಹಾಫಿಜ್ ಅಬ್ದುಲ್ ಮಜೀದ್ ಶುರು ಮಾಡಿದ ಹಮ್‌ದರ್ದ್ ಔಷಧಾಲಯದಿಂದ ಬಂದ ತಂಪು ಪಾನೀಯ ಅದು. ದೇಶ ವಿಭಜನೆ ಆದಾಗ ಮಕ್ಕಳಲ್ಲಿ ಒಬ್ಬರು ಭಾರತದಲ್ಲಿ ಉಳಿದರು, ಇನ್ನೊಬ್ಬರು ಪಾಕಿಸ್ತಾನಕ್ಕೆ ಹೋದರು. ಕಂಪನಿ ಎರಡಾಯ್ತು, ಬಾಟಲಿ ಬಣ್ಣ ಒಂದೇ ಉಳೀತು.

ಇನ್ನು ಇದೆಲ್ಲ ಗೊತ್ತಿಲ್ಲ, ನಂದು ಫಿಲ್ಟರ್ ಕಾಫಿ ಅಷ್ಟೇ ಅನ್ನೋರಿಗೆ ಒಂದು ಮಾತು. ಕಾಫಿಯನ್ನು ಪಾನೀಯವಾಗಿ ಹೆಸರುವಾಸಿ ಮಾಡಿದ್ದು 15ನೇ ಶತಮಾನದ ಯೆಮನ್ನಿನ ಸೂಫಿಗಳು, ರಾತ್ರಿ ಪ್ರಾರ್ಥನೆಯಲ್ಲಿ ನಿದ್ದೆ ಬರದೇ ಇರಲಿ ಅಂತ. ಮೆಕ್ಕಾ ಯಾತ್ರೆಯಿಂದ ಬರ್ತಾ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಹಾಕಿದವರು ಬಾಬಾ ಬುಡನ್ ಅಂತ ಪ್ರತೀತಿ; ಬೆಟ್ಟಕ್ಕೆ ಅವರದ್ದೇ ಹೆಸರು. ರಾಮಕೃಷ್ಣನಗರದ ಪ್ರತಿ ಬೆಳಗ್ಗೆ ಒಬ್ಬ ಸೂಫಿಯ ಹೆಸರಿನ ಬೆಟ್ಟದಿಂದ ಶುರುವಾಗತ್ತೆ.

ಚಂದ್ರ ಒಬ್ಬನೇ, ಪಂಚಾಂಗ ಎರಡು

ಈಗ ಸ್ವಲ್ಪ ಗಂಭೀರ ವಿಷಯ.

ರಂಜಾನ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಬರತ್ತೆ. ಚಾಂದ್ರಮಾನ ವರ್ಷಕ್ಕೆ 354 ದಿನ, ಅದಕ್ಕೇ. ನಮ್ಮ ಯುಗಾದಿಯದ್ದೂ ಚಂದ್ರನ ಲೆಕ್ಕವೇ, ಆದ್ರೆ ಅದು ಋತು ಬಿಟ್ಟು ಓಡಿ ಹೋಗದಂತೆ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸ್ತೀವಿ. ಇಸ್ಲಾಮಿ ಪಂಚಾಂಗದಲ್ಲಿ ಆ ಅಡ್ಜಸ್ಟ್‌ಮೆಂಟ್ ಇಲ್ಲ. ಹಾಗಾಗಿ ರಂಜಾನ್ 33 ವರ್ಷದಲ್ಲಿ ಎಲ್ಲ ಋತುವನ್ನೂ ಸುತ್ತಿ ಬರತ್ತೆ, ಆ ಸುತ್ತಿನಲ್ಲಿ ಕೆಲವು ವರ್ಷ ಯುಗಾದಿಗೆ ಡಿಕ್ಕಿ ಹೊಡೆಯತ್ತೆ.

ನಮ್ಮ ತಲೆಮಾರು ಅದನ್ನು ನೋಡಿದೆ. 2022ರಲ್ಲಿ ಯುಗಾದಿ ಏಪ್ರಿಲ್ 2, ಮೊದಲ ರೋಜಾ ಏಪ್ರಿಲ್ 3. ಅಂದ್ರೆ ಹೊಸತೊಡಕಿನ ದಿನವೇ ಉಪವಾಸ ಶುರು. 2023ರಲ್ಲಿ ಯುಗಾದಿ ಮಾರ್ಚ್ 22, ರೋಜಾ 24ಕ್ಕೆ. ಆ ವರ್ಷ ಅಧಿಕ ಶ್ರಾವಣ ಬಂತು. ಹಾಗಾಗಿ 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಹೋಗಿ, ತಿಂಗಳ ಕೊನೆಗೆ ಈದ್ ಪಕ್ಕಕ್ಕೆ ಬಂದು ಕೂತಿತು. 2025ರಲ್ಲಂತೂ ಯುಗಾದಿ ಮಾರ್ಚ್ 30, ಈದ್ ಮಾರ್ಚ್ 31. ಹಳೇ ಮೈಸೂರಿನ ಹೊಸತೊಡಕಿನ ಮಟನ್ ಕ್ಯೂ, ಈದ್ ಬಿರಿಯಾನಿಯ ಮಟನ್ ಕ್ಯೂ, ಎರಡೂ ಒಂದೇ ದಿನ.

ಆದ್ರೆ 2022ರ ಹೊಸತೊಡಕು ನೆನಪಿದೆ ತಾನೇ? ಆ ಮಾರ್ಚ್ 15ಕ್ಕೆ ಹಿಜಾಬ್ ವಿಷಯದಲ್ಲಿ ಹೈಕೋರ್ಟ್ ತೀರ್ಪು ಬಂತು. ಅದರ ಬೆನ್ನಲ್ಲೇ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡಬಾರದು ಅನ್ನೋ ಬ್ಯಾನರ್, ಆಮೇಲೆ ಯುಗಾದಿ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಅನ್ನೋ ಕೆಲವು ಸಂಘಟನೆಗಳ ಅಭಿಯಾನ. ಎಲ್ಲರ ವಾಟ್ಸಾಪಿಗೂ ಬಂದಿತ್ತು. ಅಲ್ಲಿವರೆಗೆ ರುಚಿ, ರೇಟು, ಪಾರ್ಕಿಂಗ್ ನೋಡ್ಕೊಂಡು ಅಂಗಡಿ ಆರಿಸ್ತಿದ್ದ ಜನ, ಮೊದಲ ಸಲ ಅಂಗಡಿಯವನ ಹೆಸರು ಯೋಚಿಸೋ ಹಾಗಾಯ್ತು.

ಕಾಮರ್ಸ್ ತಲೆಯಿಂದ ನೋಡಿ. ಬನ್ನೂರಿನ ಕಡೆ ಕುರಿ ಸಾಕೋ ರೈತ, ಸಂತೆಯಲ್ಲಿ ಕೊಳ್ಳೋ ದಲ್ಲಾಳಿ, ಕೊಯ್ಯೋ ಕಸಾಯಿ, ಚರ್ಮ ಒಯ್ಯೋ ವ್ಯಾಪಾರಿ, ಮಸಾಲೆ ಅಂಗಡಿ, ಕೊನೆಗೆ ತಿನ್ನೋರು. ಈ ಸರಪಳಿಯಲ್ಲಿ ಎಷ್ಟು ಜಾತಿ, ಎಷ್ಟು ಧರ್ಮ ಇದೆ ಅಂತ ಎಣಿಸಿ. ಒಂದು ಕೊಂಡಿ ಕಿತ್ತರೆ ಬರೀ ಆ ಕೊಂಡಿಗೆ ನಷ್ಟ ಅಲ್ಲ, ಕುರಿ ಸಾಕಿದವನ ರೇಟೂ ಬೀಳತ್ತೆ. ಬಹಿಷ್ಕಾರ ಹೇಳೋದು ಸುಲಭ. ಅದರ ಬಿಲ್ ಯಾರ ಮನೆಗೆ ಹೋಗತ್ತೆ ಅನ್ನೋದು ಆಮೇಲೆ ಗೊತ್ತಾಗೋದು.

ನಮ್ಮ ಬಡಾವಣೆಯ ಹೆಸರಿನಲ್ಲೇ ಇರೋ ಕಥೆ

ಒಂದು ವಿಷಯ ನಮ್ಮ ಏರಿಯಾದವರಿಗೇ ಅಷ್ಟಾಗಿ ಗೊತ್ತಿಲ್ಲ. ರಾಮಕೃಷ್ಣನಗರದ ಹೆಸರು ರಾಮಕೃಷ್ಣ ಪರಮಹಂಸರದ್ದು. ಅವರು 1866ರಲ್ಲಿ ದಕ್ಷಿಣೇಶ್ವರದಲ್ಲಿ ಗೋವಿಂದ ರಾಯ್ ಅನ್ನೋರಿಂದ ದೀಕ್ಷೆ ಪಡೆದು ಇಸ್ಲಾಂ ಸಾಧನೆ ಮಾಡಿದ್ರು. ಮೂರು ದಿನ ಅಲ್ಲಾಹನ ಜಪ, ನಮಾಜು, ಮುಸ್ಲಿಮರಂತೆ ಉಡುಪು. ಅವರ ಶಿಷ್ಯ ಸ್ವಾಮಿ ಶಾರದಾನಂದರು ಬರೆದ ಲೀಲಾಪ್ರಸಂಗದಲ್ಲಿ ಇದರ ವಿವರ ಇದೆ. ಅದರಲ್ಲಿ ನನಗೆ ಮರೆಯೋಕೆ ಆಗದೇ ಇರೋ ವಿಷಯ ಊಟದ್ದು. ಆ ದಿನಗಳಲ್ಲಿ ಪರಮಹಂಸರಿಗೆ ಮುಸ್ಲಿಮರ ಅಡುಗೆಯೇ ಬೇಕು ಅನ್ನಿಸಿತು. ದೇವಸ್ಥಾನ ನೋಡಿಕೊಳ್ತಿದ್ದ ಮಥುರಬಾಬು ಪೇಚಿಗೆ ಬಿದ್ದರು. ಕೊನೆಗೆ ಒಬ್ಬ ಮುಸ್ಲಿಂ ಅಡುಗೆಯವರನ್ನು ಕರೆಸಿ, ಅವರು ಹೇಳಿದ ಹಾಗೆ ಬ್ರಾಹ್ಮಣ ಅಡುಗೆಯವರು ಮಾಡಿ ಬಡಿಸಿದರು.

ನೋಡಿ, ರಾಜಿ ಎಷ್ಟು ಮನುಷ್ಯರ ಥರ ಇದೆ! ಹಿಂಜರಿಕೆ ಇದೆ, ಮಡಿ ಇದೆ, ಆದ್ರೆ ಬಾಗಿಲು ಮುಚ್ಚಿಲ್ಲ. ಇನ್ನೊಬ್ಬರ ದೇವರನ್ನು ತಿಳಿಯಬೇಕಾದ್ರೆ ಅವರ ಊಟವನ್ನೂ ತಿಳಿಯಬೇಕು ಅಂತ ಆ ಮನುಷ್ಯನಿಗೆ ಅನ್ನಿಸಿದೆ. ಪರಮಹಂಸರ ಜೀವನ ಚರಿತ್ರೆಯನ್ನು ಕನ್ನಡದಲ್ಲಿ ಬರೆದವರು ಕುವೆಂಪು. ಅವರ ಹೆಸರಿನ ನಗರ ನಮ್ಮ ಪಕ್ಕದಲ್ಲೇ ಇದೆ. ಹೆಸರು ಬೋರ್ಡಿನ ಮೇಲೆ ಇದೆ, ಕಥೆ ಮಾತ್ರ ಬೋರ್ಡಿಂದ ಕೆಳಗೆ ಇಳಿದಿಲ್ಲ.

ತಿಂದು ಬಂದ್ರೆ ಆಯ್ತಾ?

ಇಲ್ಲ. ಇದನ್ನು ಹೇಳದೆ ಸಂಚಿಕೆ ಮುಗಿಸಿದ್ರೆ ಮೋಸ. ಒಂದು ಪ್ಲೇಟ್ ಹಲೀಮ್ ತಿಂದು, ಇನ್‌ಸ್ಟಾದಲ್ಲಿ "ಸೌಹಾರ್ದ" ಅಂತ ಹಾಕಿ, ಉಳಿದ ಹನ್ನೊಂದು ತಿಂಗಳು ಆ ಕಡೆಯವರಿಗೆ ಬಾಡಿಗೆಗೆ ಮನೆ ಇಲ್ಲ ಅನ್ನೋದು ಸೌಹಾರ್ದ ಅಲ್ಲ. ನಾಲಿಗೆ ಆರೇಳು ಕಿಲೋಮೀಟರ್ ದಾಟೋದು ಸುಲಭ. ಬಾಡಿಗೆ ಕರಾರು ದಾಟೋದು ಕಷ್ಟ.

ಇನ್ನೊಂದು ಕಡೆಯ ದೂರೂ ಇದೆ. ಬೆಂಗಳೂರಿನ ಫ್ರೇಜರ್ ಟೌನ್ ನೋಡಿ. ಅದೂ ಪ್ಲೇಗ್ ಆದ ಮೇಲೆ ಎದ್ದ ಬಡಾವಣೆಯೇ. ಅಲ್ಲಿನ ಮಾಸ್ಕ್ ರಸ್ತೆಯ ರಂಜಾನ್ ಊಟ ಎಷ್ಟು ಫೇಮಸ್ ಆಯ್ತು ಅಂದ್ರೆ, ಟ್ರಾಫಿಕ್ಕು, ಕಸ, ನಡುರಾತ್ರಿಯ ಗಲಾಟೆ ತಡೀಲಾರದೆ ಅಲ್ಲಿನ ನಿವಾಸಿಗಳೇ ಆಕ್ಷೇಪ ಎತ್ತಿದ್ರು. ನಮಗೆ ಅದು ಫುಡ್ ಸ್ಟ್ರೀಟ್. ಅಲ್ಲಿರೋರಿಗೆ ಅದು ಮನೆ ಮುಂದಿನ ರಸ್ತೆ, ಪ್ರಾರ್ಥನೆಗೆ ಹೋಗೋ ದಾರಿ, ವರ್ಷದ ಪವಿತ್ರ ತಿಂಗಳು.

ಹಾಗಾಗಿ ಹೋಗೋರಿಗೆ ನನ್ನ ಕೆಲವು ರೂಲ್ಸ್. ಮಾರ್ಚ್ ಹೊತ್ತಿಗೆ ಮೈಸೂರಿನಲ್ಲಿ ಸೂರ್ಯ ಮುಳುಗೋದು ಆರೂವರೆ ಆಸುಪಾಸು. ಅದಕ್ಕೆ ಮುಂಚಿನ ಅರ್ಧ ಗಂಟೆ ಉಪವಾಸ ಇದ್ದವರದ್ದು. ಅವರ ಕ್ಯೂನಲ್ಲಿ ನುಗ್ಗಬೇಡಿ. ಏಳರ ಮೇಲೆ ಹೋಗಿ, ಇಲ್ಲಾ ರಾತ್ರಿಯ ತರಾವೀಹ್ ನಮಾಜು ಮುಗಿದ ಮೇಲೆ ಹೋಗಿ. ಗಾಡಿ ದೂರ ನಿಲ್ಲಿಸಿ ನಡೀರಿ, ಆ ರಸ್ತೆಗಳು ಕಾರಿಗೆ ಅಂತ ಹುಟ್ಟಿದ್ದಲ್ಲ. ಮನೆಯಿಂದ ಡಬ್ಬಿ ತಗೊಂಡು ಹೋಗಿ, ಕಸ ಮಾಡಬೇಡಿ. ಫೋಟೊ ತೆಗೆಯೋ ಮುಂಚೆ ಕೇಳಿ. ಮುಖ್ಯವಾಗಿ, ರಂಜಾನ್ ಮುಗಿದ ಮೇಲೂ ಒಂದು ಸಲ ಹೋಗಿ. ಅದೇ ಅಂಗಡಿ, ಸಾಧಾರಣ ಮಂಗಳವಾರ. ಆಗ ಅಂಗಡಿಯವರಿಗೆ ನೀವು ಬರೀ ಸೀಸನ್ ಗಿರಾಕಿ ಅಲ್ಲ ಅನ್ನೋದು ಗೊತ್ತಾಗತ್ತೆ, ನಿಮಗೂ ಅವರ ಹೆಸರು ಗೊತ್ತಾಗತ್ತೆ.

ಈ ಆರೇಳು ಕಿಲೋಮೀಟರನ್ನು ಒಂದು ಯುದ್ಧ, ಒಂದು ರೋಗ, ಒಂದು ಟ್ರಸ್ಟ್ ಬೋರ್ಡ್, ಬ್ಯಾಂಕ್ ಸಾಲಗಳು ಸೇರಿ ಮಾಡಿದ್ದು. ದೇವರು ಹಾಕಿದ ಗೆರೆ ಅಲ್ಲ. ಮನುಷ್ಯರು ಮಾಡಿದ ದೂರವನ್ನು ಮನುಷ್ಯರೇ ಕಡಿಮೆ ಮಾಡಬಹುದು ಅನ್ನೋದಷ್ಟೇ ನನ್ನ ವಾದ.

ಹೋಗೋ ಮುಂಚೆ ಒಂದು ಟ್ರಿವಿಯಾ. ಹಿಂದಕ್ಕೆ ಸರೀತಾ ಸರೀತಾ ರಂಜಾನ್ 2030ರಲ್ಲಿ ಜನವರಿಗೆ ಬರತ್ತೆ. ಅದೇ ವರ್ಷ ಡಿಸೆಂಬರ್ ಕೊನೆಗೆ ಮತ್ತೊಮ್ಮೆ ಶುರುವಾಗತ್ತೆ. ಒಂದೇ ವರ್ಷದಲ್ಲಿ ಎರಡು ರಂಜಾನ್, ಎರಡೂ ಮೈಸೂರಿನ ಚಳಿಯಲ್ಲಿ. ಹಲೀಮ್‌ಗೆ ಅದಕ್ಕಿಂತ ಒಳ್ಳೇ ಹವಾ ಇಲ್ಲ. ಅಷ್ಟರಲ್ಲಿ ನಿಮ್ಮ ಊರಿನ ಆರು ಕಿಲೋಮೀಟರ್ ಯಾವುದು, ಅದನ್ನು ಯಾರು ಮಾಡಿದ್ದು ಅಂತ ಹುಡುಕಿ ನನಗೆ ವಾಯ್ಸ್ ನೋಟ್ ಕಳಿಸಿ.